ಡಿಎಚ್‌ಇಎ ಹಾರ್ಮೋನು: ಪರೀಕ್ಷೆ ಯಾರಿಗೆ ಬೇಕು, ವರದಿ ಓದುವುದು ಹೇಗೆ, ಮಾತ್ರೆ ಯಾರಿಗೆ ಸಲ್ಲದು

ನಲವತ್ತು ದಾಟಿದ ಓದುಗರಿಂದ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಲ್ಯಾಬಿನಲ್ಲಿ ಫುಲ್ ಬಾಡಿ ಚೆಕಪ್ ಮಾಡಿಸಿದ್ದಾರೆ. ವರದಿಯಲ್ಲಿ ಡಿಎಚ್‌ಇಎ-ಎಸ್ ಎಂಬ ಸಾಲಿನ ಮುಂದೆ ‘ಕಡಿಮೆ’ ಎಂದು ಬಂದಿದೆ. ಅಂತರ್ಜಾಲದಲ್ಲಿ ಹುಡುಕಿದರೆ ಇದನ್ನು ‘ಯೌವನದ ಹಾರ್ಮೋನು’ ಎಂದು ಬರೆದಿದ್ದಾರೆ. ಇದರ ಮಾತ್ರೆ ತೆಗೆದುಕೊಂಡರೆ ದಣಿವು ಹೋಗುತ್ತದೆಯೇ, ಒತ್ತಡ ತಗ್ಗುತ್ತದೆಯೇ, ಮುಪ್ಪು ಮುಂದಕ್ಕೆ ಹೋಗುತ್ತದೆಯೇ ಎಂಬುದು ಅವರ ಪ್ರಶ್ನೆ. ಇನ್ನು ಕೆಲವರು ಪಿಸಿಓಡಿ ಇರುವ ಮಗಳ ವರದಿಯಲ್ಲಿ ಇದೇ ಹಾರ್ಮೋನು ಹೆಚ್ಚಾಗಿದೆ ಎಂದು ಗಾಬರಿಯಾಗಿ ಕೇಳುತ್ತಾರೆ. ಮಗುವಿಗಾಗಿ ಚಿಕಿತ್ಸೆ ಪಡೆಯುತ್ತಿರುವವರಿಗೆ ವೈದ್ಯರೇ ಈ ಮಾತ್ರೆ ಬರೆದುಕೊಟ್ಟಿರುತ್ತಾರೆ, ಅವರ ಅನುಮಾನಗಳೇ ಬೇರೆ.

ಈ ಎಲ್ಲರಿಗೂ ಅನ್ವಯಿಸುವ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ವಯಸ್ಸಾದಂತೆ ಈ ಹಾರ್ಮೋನು ಇಳಿಯುವುದು ಸಹಜ. ಇಳಿದಿರುವ ಸಂಖ್ಯೆಯೊಂದೇ ಕಾಯಿಲೆಯಲ್ಲ, ಆ ಸಂಖ್ಯೆಯನ್ನು ಮಾತ್ರೆಯಿಂದ ಏರಿಸುವುದೊಂದೇ ಚಿಕಿತ್ಸೆಯೂ ಅಲ್ಲ. ಆದರೆ ಕೆಲವೇ ಕೆಲವು ಸಂದರ್ಭಗಳಲ್ಲಿ ಇದೇ ಸಂಖ್ಯೆ ಗಂಭೀರ ರೋಗದ ಸುಳಿವು ಕೊಡುತ್ತದೆ. ನೀವು ಯಾವ ಗುಂಪಿನಲ್ಲಿದ್ದೀರಿ ಎಂದು ತಿಳಿದುಕೊಳ್ಳಲು ಮುಂದಿನ ಹಂತಗಳನ್ನು ಕ್ರಮವಾಗಿ ಅನುಸರಿಸಿ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದವು ಇಷ್ಟು: ಹಳೆಯ ಮತ್ತು ಹೊಸ ರಕ್ತಪರೀಕ್ಷೆಯ ವರದಿಗಳು, ನೀವು ಸೇವಿಸುವ ಎಲ್ಲ ಔಷಧಿಗಳ ಪಟ್ಟಿ, ಹಾಗೂ ನಿಮ್ಮ ತೊಂದರೆಗಳು ಯಾವಾಗ ಆರಂಭವಾದವು ಎಂಬುದರ ಒಂದು ಸಣ್ಣ ಟಿಪ್ಪಣಿ. ಔಷಧಿಗಳ ಪಟ್ಟಿಯಲ್ಲಿ ಕೂದಲಿಗೆಂದು ತೆಗೆದುಕೊಳ್ಳುವ ಬಯೋಟಿನ್ ಮಾತ್ರೆ, ಮುಖಕ್ಕೆ ಹಚ್ಚುವ ಕ್ರೀಮು, ಮಂಡಿನೋವಿಗೆ ಯಾರೋ ಕೊಟ್ಟ ಪುಡಿ, ಜಿಮ್ಮಿನಲ್ಲಿ ಕೊಂಡ ಡಬ್ಬಿ ಎಲ್ಲವೂ ಸೇರಬೇಕು. ಇವನ್ನು ಯಾರೂ ಔಷಧಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ವರದಿಯನ್ನು ಏರುಪೇರು ಮಾಡುವುದು ಹೆಚ್ಚಾಗಿ ಇವೇ.

ಹಂತ 1: ಈ ಹಾರ್ಮೋನು ಏನು ಮಾಡುತ್ತದೆ ಎಂದು ತಿಳಿಯಿರಿ

ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಗಳಿವೆ. ಅವುಗಳ ಹೊರಪದರದಲ್ಲಿ ಮೂರು ವಲಯಗಳಿದ್ದು, ಅತ್ಯಂತ ಒಳಗಿನ ವಲಯ ಡಿಹೈಡ್ರೋಎಪಿಆಂಡ್ರೋಸ್ಟೆರೋನ್, ಅಂದರೆ ಡಿಎಚ್‌ಇಎಯನ್ನು ಕೊಲೆಸ್ಟರಾಲಿನಿಂದ ತಯಾರಿಸುತ್ತದೆ. ಅಂಡಾಶಯ, ವೃಷಣ ಮತ್ತು ಮಿದುಳಿನಲ್ಲಿಯೂ ಸ್ವಲ್ಪ ಪ್ರಮಾಣದಲ್ಲಿ ಉತ್ಪತ್ತಿಯಾಗುತ್ತದೆ. ಜರ್ಮನಿಯ ವಿಜ್ಞಾನಿ ಅಡಾಲ್ಫ್ ಬುಟೆನಾಂಟ್ ಮತ್ತು ಅವರ ಸಹೋದ್ಯೋಗಿ 1934ರಲ್ಲಿ ಇದನ್ನು ಮೊದಲು ಬೇರ್ಪಡಿಸಿದ್ದು ಮಾನವ ಮೂತ್ರದಿಂದ.

ರಕ್ತದಲ್ಲಿ ಇದರ ಬಹುಪಾಲು ಗಂಧಕಯುಕ್ತ ಸಲ್ಫೇಟಿನೊಂದಿಗೆ ಜೋಡಣೆಯಾಗಿ ಸಂಚರಿಸುತ್ತದೆ. ಆ ರೂಪಕ್ಕೆ ಡಿಎಚ್‌ಇಎ-ಎಸ್ ಎಂದು ಹೆಸರು. ಯುವಕ ಯುವತಿಯರ ರಕ್ತದಲ್ಲಿ ಹರಿಯುವ ಸ್ಟೀರಾಯ್ಡ್ ಹಾರ್ಮೋನುಗಳಲ್ಲಿ ಪ್ರಮಾಣದ ದೃಷ್ಟಿಯಿಂದ ಇದೇ ಮೊದಲನೆಯದು. ಇಲ್ಲಿ ಸ್ಟೀರಾಯ್ಡ್ ಎಂದರೆ ಕೊಲೆಸ್ಟರಾಲಿನಿಂದ ಹುಟ್ಟುವ ಹಾರ್ಮೋನುಗಳ ಕುಟುಂಬ ಎಂದಷ್ಟೇ ಅರ್ಥ. ಆಸ್ತಮಾಕ್ಕೆ ಕೊಡುವ ಸ್ಟೀರಾಯ್ಡ್ ಆ ಕುಟುಂಬದ ಒಂದು ಸದಸ್ಯ ಮಾತ್ರ. ಡಿಎಚ್‌ಇಎ-ಎಸ್ ಕಣಜದಲ್ಲಿಟ್ಟ ಭತ್ತದ ಹಾಗೆ: ಚರ್ಮ, ಕೊಬ್ಬು, ಮೂಳೆ, ಮಿದುಳು ಮೊದಲಾದ ಅಂಗಗಳು ತಮಗೆ ಬೇಕಾದಷ್ಟನ್ನು ತೆಗೆದುಕೊಂಡು ಟೆಸ್ಟೋಸ್ಟೆರಾನ್ ಅಥವಾ ಈಸ್ಟ್ರೋಜನ್ ಆಗಿ ಮಾರ್ಪಡಿಸಿಕೊಳ್ಳುತ್ತವೆ. ಮುಟ್ಟು ನಿಂತ ಮೇಲೆ ಹೆಂಗಸರ ದೇಹಕ್ಕೆ ಸಿಗುವ ಈಸ್ಟ್ರೋಜನ್ ಬಹುಮಟ್ಟಿಗೆ ಈ ದಾರಿಯಲ್ಲೇ ಬರುತ್ತದೆ. ಮಾತ್ರೆಯ ಅಪಾಯವೂ ಇದರಲ್ಲೇ ಅಡಗಿದೆ. ನುಂಗಿದ ಡಿಎಚ್‌ಇಎ ನಿಮ್ಮ ದೇಹದಲ್ಲಿ ಯಾವ ಹಾರ್ಮೋನಾಗಿ, ಎಷ್ಟರ ಮಟ್ಟಿಗೆ ಬದಲಾಗುತ್ತದೆ ಎಂಬುದನ್ನು ಮೊದಲೇ ನಿಗದಿ ಮಾಡಲಾಗುವುದಿಲ್ಲ.

ಜೀವನದುದ್ದಕ್ಕೂ ಇದರ ಏರಿಳಿತಕ್ಕೆ ಒಂದು ನಕ್ಷೆಯಿದೆ. ಗರ್ಭದಲ್ಲಿರುವಾಗ ಶಿಶುವಿನ ಅಡ್ರಿನಲ್ ಇದನ್ನು ಧಾರಾಳವಾಗಿ ಉತ್ಪಾದಿಸುತ್ತದೆ, ಮಾಸು ಅದನ್ನು ಈಸ್ಟ್ರೋಜನ್ ಮಾಡಿಕೊಳ್ಳುತ್ತದೆ. ಹುಟ್ಟಿದ ಮೇಲೆ ಪ್ರಮಾಣ ಕುಸಿಯುತ್ತದೆ. ಆರರಿಂದ ಎಂಟು ವರ್ಷದ ಹೊತ್ತಿಗೆ ಮತ್ತೆ ಏರತೊಡಗಿ, ಇಪ್ಪತ್ತರ ಹರೆಯದಲ್ಲಿ ಶಿಖರ ಮುಟ್ಟುತ್ತದೆ. ಅಲ್ಲಿಂದ ಮುಂದೆ ವರ್ಷಕ್ಕೆ ಸುಮಾರು ಶೇ 2ರಂತೆ ಇಳಿಯುತ್ತ, ಎಪ್ಪತ್ತು ಎಂಬತ್ತರ ಹೊತ್ತಿಗೆ ಶಿಖರದ ಶೇ 10ರಿಂದ 20ರಷ್ಟು ಮಾತ್ರ ಉಳಿಯುತ್ತದೆ. ಅಂದರೆ ಅರವತ್ತರಲ್ಲಿ ನಿಮ್ಮ ಸಂಖ್ಯೆ ಇಪ್ಪತ್ತೈದರ ಸಂಖ್ಯೆಗಿಂತ ಬಹಳ ಕಡಿಮೆಯಿದ್ದರೆ ದೇಹ ನಿಯಮದಂತೆಯೇ ನಡೆಯುತ್ತಿದೆ.

ಹಂತ 2: ಒತ್ತಡದ ಜೊತೆಗಿನ ನಂಟನ್ನು ಸರಿಯಾಗಿ ಅರ್ಥಮಾಡಿಕೊಳ್ಳಿ

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಎಂಬ ಸಂದೇಶ ಕಳುಹಿಸುತ್ತದೆ. ಆ ಒಂದೇ ಸಂದೇಶಕ್ಕೆ ಅಡ್ರಿನಲ್ ಗ್ರಂಥಿ ಎರಡು ಉತ್ತರ ಕೊಡುತ್ತದೆ: ಒಂದು ಕಾರ್ಟಿಸಾಲ್, ಇನ್ನೊಂದು ಡಿಎಚ್‌ಇಎ. ಸಂದರ್ಶನಕ್ಕೆ ಹೋಗುವ ಮುನ್ನ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ವಿಮಾನದ ಹೊತ್ತು ಮೀರುತ್ತಿರುವಾಗ ಉಂಟಾಗುವಂಥ ಅಲ್ಪಕಾಲದ ಒತ್ತಡದಲ್ಲಿ ಎರಡೂ ಒಟ್ಟಿಗೆ ಏರುತ್ತವೆ. ಕಾರ್ಟಿಸಾಲ್ ಸಕ್ಕರೆಯನ್ನು ರಕ್ತಕ್ಕೆ ಬಿಡುಗಡೆ ಮಾಡಿ ದೇಹವನ್ನು ಸಜ್ಜುಗೊಳಿಸುತ್ತದೆ. ಕಾರ್ಟಿಸಾಲಿನ ಕೆಲವು ಪರಿಣಾಮಗಳಿಗೆ ಡಿಎಚ್‌ಇಎ ತಡೆಯೊಡ್ಡುತ್ತದೆ ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ.

ಆದರೆ ದೀರ್ಘಕಾಲದ ಕಾಯಿಲೆಯಲ್ಲಿ ಮತ್ತು ಮುಪ್ಪಿನಲ್ಲಿ ಈ ಜೋಡಿ ಬೇರ್ಪಡುತ್ತದೆ. ಕಾರ್ಟಿಸಾಲ್ ತನ್ನ ಮಟ್ಟವನ್ನು ಉಳಿಸಿಕೊಳ್ಳುತ್ತದೆ, ಡಿಎಚ್‌ಇಎ-ಎಸ್ ಮಾತ್ರ ಇಳಿಯುತ್ತದೆ. ಆದ್ದರಿಂದಲೇ ಇವೆರಡರ ಅನುಪಾತವನ್ನು ಒತ್ತಡದ ಅಳತೆಗೋಲಾಗಿ ಬಳಸಬಹುದೇ ಎಂದು ಸಂಶೋಧಕರು ವರ್ಷಗಳಿಂದ ಹುಡುಕುತ್ತಿದ್ದಾರೆ. ಸಂಶೋಧನೆಯಲ್ಲಿ ಈ ಅನುಪಾತಕ್ಕೆ ಬೆಲೆಯಿದೆ. ಆದರೆ ನಿಮ್ಮ ಒಬ್ಬರ ಅನುಪಾತವನ್ನು ನೋಡಿ ‘ನಿಮಗೆ ಇಷ್ಟು ಒತ್ತಡವಿದೆ’ ಎಂದು ಹೇಳಬಲ್ಲ, ಎಲ್ಲರೂ ಒಪ್ಪಿದ ಗಡಿರೇಖೆ ಇಲ್ಲ. ಎಂಜಲಿನ ಮಾದರಿ ತೆಗೆದುಕೊಂಡು ‘ಅಡ್ರಿನಲ್ ಫಟೀಗ್’ ಎಂದು ಷರಾ ಬರೆದುಕೊಡುವ ಪ್ಯಾಕೇಜುಗಳು ಇಲ್ಲಿಯೇ ದಾರಿ ತಪ್ಪಿಸುತ್ತವೆ. ಒತ್ತಡದಿಂದ ಗ್ರಂಥಿ ‘ದಣಿದುಹೋಗಿದೆ’ ಎಂಬ ಈ ರೋಗವನ್ನು ಹಾರ್ಮೋನು ತಜ್ಞರ ಸಂಘಗಳು ಒಪ್ಪುವುದಿಲ್ಲ. ಗ್ರಂಥಿ ನಿಜವಾಗಿ ಕೆಲಸ ನಿಲ್ಲಿಸುವ ರೋಗ ಬೇರೆ ಇದೆ, ಅದರ ಹೆಸರು ಆಡಿಸನ್ಸ್ ಕಾಯಿಲೆ. ಅದು ಅಪರೂಪ, ಆದರೆ ಪ್ರಾಣಾಂತಿಕ. ‘ಫಟೀಗ್’ ಎಂಬ ಹಣೆಪಟ್ಟಿಯ ಹಿಂದೆ ಆ ನಿಜವಾದ ರೋಗ ಮರೆಯಾಗಿ ಉಳಿದುಬಿಡಬಾರದು ಎಂಬುದೇ ನನ್ನ ದೊಡ್ಡ ಆತಂಕ.

ಹಂತ 3: ನಿಮಗೆ ಪರೀಕ್ಷೆ ಬೇಕೇ ಎಂದು ನಿರ್ಧರಿಸಿ

ಬರೀ ದಣಿವು, ನಿದ್ದೆಗೇಡು, ಕೆಲಸದ ಒತ್ತಡ, ಐವತ್ತು ದಾಟಿದ ವಯಸ್ಸು, ಇವಿಷ್ಟೇ ಇದ್ದರೆ ಡಿಎಚ್‌ಇಎ-ಎಸ್ ಪರೀಕ್ಷೆಯಿಂದ ಶುರು ಮಾಡಬೇಡಿ. ಮೊದಲು ಹಿಮೋಗ್ಲೋಬಿನ್, ಫೆರಿಟಿನ್ ಅಂದರೆ ದೇಹದಲ್ಲಿ ಸಂಗ್ರಹವಿರುವ ಕಬ್ಬಿಣಾಂಶ, ಥೈರಾಯ್ಡ್, ಶುಗರ್, ಬಿ12, ವಿಟಮಿನ್ ಡಿ ಇವುಗಳನ್ನು ನೋಡಿಸಿ. ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆಯೂ, ಬೆಳಗಿನಿಂದ ಸಂಜೆಯವರೆಗೆ ಎಸಿ ಕಟ್ಟಡದೊಳಗೇ ಇರುವವರಲ್ಲಿ ವಿಟಮಿನ್ ಡಿ ಕೊರತೆಯೂ ನಮ್ಮ ಊರಿನಲ್ಲಿ ಸಾಮಾನ್ಯ. ಇವೆರಡಕ್ಕೂ ಚಿಕಿತ್ಸೆ ಸುಲಭ, ಪರಿಣಾಮವೂ ಖಚಿತ. ಗೊರಕೆ ಜೋರಾಗಿದ್ದು ಹಗಲಲ್ಲಿ ತೂಕಡಿಕೆ ಬರುತ್ತಿದ್ದರೆ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆಯೇ ಎಂದು ವೈದ್ಯರಲ್ಲಿ ಕೇಳಿ.

ಪರೀಕ್ಷೆ ನಿಜಕ್ಕೂ ಬೇಕಾಗುವುದು ಇಂಥ ಸಂದರ್ಭಗಳಲ್ಲಿ. ಹೆಣ್ಣುಮಕ್ಕಳಿಗೆ ಗಲ್ಲ, ಮೇಲ್ತುಟಿ, ಎದೆಯ ಮೇಲೆ ದಟ್ಟ ಕೂದಲು ಬೆಳೆಯುತ್ತಿದ್ದರೆ, ಮುಟ್ಟು ಏರುಪೇರಾಗಿದ್ದರೆ, ಹಟಮಾರಿ ಮೊಡವೆಗಳಿದ್ದರೆ. ಇವೆಲ್ಲ ಕೆಲವೇ ತಿಂಗಳಲ್ಲಿ ವೇಗವಾಗಿ ಹೆಚ್ಚಾಗಿ, ಧ್ವನಿಯೂ ಗಡಸಾಗಿದ್ದರೆ ಕಾಯಬೇಡಿ, ಆ ವಾರವೇ ವೈದ್ಯರನ್ನು ನೋಡಿ. ಹೆಣ್ಣುಮಗುವಿಗೆ ಎಂಟು ವರ್ಷಕ್ಕೆ ಮುಂಚೆ, ಗಂಡುಮಗುವಿಗೆ ಒಂಬತ್ತಕ್ಕೆ ಮುಂಚೆ ಕಂಕುಳು ಅಥವಾ ಗುಪ್ತಾಂಗದ ಬಳಿ ಕೂದಲು ಕಾಣಿಸಿಕೊಂಡರೆ ಮಕ್ಕಳ ಹಾರ್ಮೋನು ತಜ್ಞರ ಬಳಿಗೆ ಕರೆದೊಯ್ಯಿರಿ. ಸ್ಕ್ಯಾನ್ ಮಾಡಿಸಿದಾಗ ಅಡ್ರಿನಲ್ ಗ್ರಂಥಿಯಲ್ಲಿ ಗಂಟು ಕಂಡಿದ್ದರೂ ಈ ಪರೀಕ್ಷೆ ಬೇಕಾಗಬಹುದು.

ಇನ್ನೊಂದು ಗುಂಪಿನ ಲಕ್ಷಣಗಳನ್ನು ನೀವು ಮನೆಯಲ್ಲೇ ಗಮನಿಸಬಹುದು. ಕಾರಣವಿಲ್ಲದೆ ತೂಕ ಇಳಿಯುವುದು, ಊಟ ಸೇರದಿರುವುದು, ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು, ಉಪ್ಪಿನಕಾಯಿ, ಉಪ್ಪು ಬೆರೆಸಿದ ಮಜ್ಜಿಗೆ ಎಂದು ಉಪ್ಪಿಗಾಗಿ ಬಾಯಿ ಹಂಬಲಿಸುವುದು ಇದ್ದರೆ ಕಿಟಕಿಯ ಬೆಳಕಿನಲ್ಲಿ ಅಂಗೈ ಬಿಡಿಸಿ ನೋಡಿ. ಅಂಗೈಯ ಗೆರೆಗಳು, ಬೆರಳ ಗೆಣ್ಣುಗಳು, ವಸಡು, ಹಳೆಯ ಗಾಯದ ಕಲೆ ಇವು ಮೊದಲಿಗಿಂತ ಕಪ್ಪಾಗಿದ್ದರೆ ಆಡಿಸನ್ಸ್ ಕಾಯಿಲೆಯ ಅನುಮಾನ ಬಲವಾಗುತ್ತದೆ. ನಮ್ಮ ದೇಶದಲ್ಲಿ ಕ್ಷಯರೋಗ ಅಡ್ರಿನಲ್ ಗ್ರಂಥಿಗೆ ತಗಲುವುದು ಅದಕ್ಕೊಂದು ಮುಖ್ಯ ಕಾರಣವಾಗಿರುವುದರಿಂದ ಮನೆಯಲ್ಲಿ ಯಾರಿಗಾದರೂ ಟಿಬಿ ಬಂದಿತ್ತೇ ಎಂಬುದನ್ನೂ ವೈದ್ಯರಿಗೆ ಹೇಳಿ. ಇಲ್ಲಿ ಮುಖ್ಯ ಪರೀಕ್ಷೆ ಬೆಳಗಿನ ಎಂಟು ಗಂಟೆಯ ಕಾರ್ಟಿಸಾಲ್ ಮತ್ತು ಎಸಿಟಿಎಚ್. ಡಿಎಚ್‌ಇಎ-ಎಸ್ ಪೂರಕ ಸಾಕ್ಷ್ಯ ಮಾತ್ರ.

ಹಂತ 4: ರಕ್ತ ಕೊಡುವಾಗ ತಪ್ಪಾಗದಂತೆ ನೋಡಿಕೊಳ್ಳಿ

ಲ್ಯಾಬಿನ ಪಟ್ಟಿಯಲ್ಲಿ ಡಿಎಚ್‌ಇಎ ಮತ್ತು ಡಿಎಚ್‌ಇಎ-ಎಸ್ ಎಂದು ಎರಡು ಬೇರೆ ಬೇರೆ ಪರೀಕ್ಷೆಗಳಿರುತ್ತವೆ. ಸಾಮಾನ್ಯವಾಗಿ ಬೇಕಾದದ್ದು ಎರಡನೆಯದು. ಸಾದಾ ಡಿಎಚ್‌ಇಎ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಬೆಳಿಗ್ಗೆ ಏರಿ ಸಂಜೆಗೆ ಇಳಿಯುತ್ತದೆ. ಸಲ್ಫೇಟ್ ರೂಪ ಹಾಗಲ್ಲ, ದಿನದ ಯಾವ ಹೊತ್ತಿನಲ್ಲಿ ಕೊಟ್ಟರೂ ಹೆಚ್ಚು ವ್ಯತ್ಯಾಸವಾಗದು, ಉಪವಾಸವೂ ಬೇಕಿಲ್ಲ. ಜೊತೆಗೆ ಕಾರ್ಟಿಸಾಲ್ ಕೂಡ ಬರೆದಿದ್ದರೆ ಮಾತ್ರ ಬೆಳಗಿನ ಎಂಟರ ಆಸುಪಾಸಿನ ಸಮಯವನ್ನು ಕಡ್ಡಾಯವಾಗಿ ಪಾಲಿಸಿ. ರಾತ್ರಿ ಪಾಳಿಯಲ್ಲಿ ದುಡಿಯುವವರು ಆ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು, ಏಕೆಂದರೆ ಅವರ ಕಾರ್ಟಿಸಾಲಿನ ಗಡಿಯಾರವೇ ಹಿಂದೆ ಮುಂದೆ ಆಗಿರಬಹುದು.

ಕೂದಲು ಉದುರುವುದಕ್ಕೆಂದು 5 ಅಥವಾ 10 ಮಿಲಿಗ್ರಾಂ ಬಯೋಟಿನ್ ತಿನ್ನುತ್ತಿದ್ದರೆ ಕನಿಷ್ಠ ಎರಡು ಮೂರು ದಿನ ಮೊದಲೇ ನಿಲ್ಲಿಸಿ. ಕೆಲವು ಯಂತ್ರಗಳ ಪರೀಕ್ಷಾ ವಿಧಾನದಲ್ಲಿಯೇ ಬಯೋಟಿನ್ ಬಳಕೆಯಾಗುವುದರಿಂದ, ರಕ್ತದಲ್ಲಿ ಅದು ಹೆಚ್ಚಿದ್ದರೆ ಡಿಎಚ್‌ಇಎ-ಎಸ್ ಇಲ್ಲದಷ್ಟು ಹೆಚ್ಚಾಗಿ ತೋರಬಹುದು, ಥೈರಾಯ್ಡ್ ವರದಿಯೂ ಕೆಡಬಹುದು.

ಸ್ಟೀರಾಯ್ಡ್ ಔಷಧಿಗಳ ವಿಷಯ ಇದಕ್ಕಿಂತ ಗಂಭೀರ. ಪ್ರೆಡ್ನಿಸೊಲೋನ್, ಡೆಫ್ಲಜಾಕಾರ್ಟ್, ಡೆಕ್ಸಾಮೆಥಾಸೋನ್ ಮಾತ್ರೆಗಳು, ಹೆಚ್ಚಿನ ಪ್ರಮಾಣದ ಇನ್‌ಹೇಲರ್, ಮಂಡಿಗೆ ಕೊಟ್ಟ ಇಂಜೆಕ್ಷನ್, ಮುಖ ಬೆಳ್ಳಗಾಗಲೆಂದು ತಿಂಗಳುಗಟ್ಟಲೆ ಹಚ್ಚಿದ ಪ್ರಬಲ ಸ್ಟೀರಾಯ್ಡ್ ಕ್ರೀಮು, ಇವೆಲ್ಲವೂ ಪಿಟ್ಯುಟರಿಯನ್ನು ಸುಮ್ಮನಾಗಿಸಿ ಅಡ್ರಿನಲ್ ಗ್ರಂಥಿಯನ್ನು ಮಲಗಿಸಬಲ್ಲವು. ಆಗ ಡಿಎಚ್‌ಇಎ-ಎಸ್ ತೀರ ಕೆಳಗಿಳಿಯುತ್ತದೆ. ಕೀಲುನೋವಿಗೆಂದು ಹೆಸರು ಚೀಟಿಯಿಲ್ಲದೆ ಮಾರುವ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಹಲವು ಬಾರಿ ಪತ್ತೆಯಾಗಿದೆ. ಅದನ್ನು ತಿಂದವರಿಗೆ ನೋವು ಪವಾಡದಂತೆ ಮಾಯವಾಗಿ, ಮುಖ ದುಂಡಗಾಗುತ್ತದೆ. ಒಂದು ಎಚ್ಚರಿಕೆ: ವರದಿ ಸರಿಯಾಗಿ ಬರಲಿ ಎಂದು ಸ್ಟೀರಾಯ್ಡನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ಮಲಗಿರುವ ಗ್ರಂಥಿ ಕೂಡಲೇ ಎದ್ದು ಕೆಲಸಕ್ಕೆ ಇಳಿಯುವುದಿಲ್ಲ. ರಕ್ತದೊತ್ತಡ ಕುಸಿದು ಆಸ್ಪತ್ರೆ ಸೇರಬೇಕಾಗುತ್ತದೆ.

ಹಂತ 5: ವರದಿಯನ್ನು ಸಾಲು ಸಾಲಾಗಿ ಓದಿ

ಮೊದಲು ಸಂಖ್ಯೆಯ ಪಕ್ಕದಲ್ಲಿರುವ ಅಳತೆಯ ಘಟಕವನ್ನು ನೋಡಿ. ನಮ್ಮ ಊರಿನ ಲ್ಯಾಬುಗಳಲ್ಲಿ ಹೆಚ್ಚಾಗಿ ಮೈಕ್ರೋಗ್ರಾಂ ಪ್ರತಿ ಡೆಸಿಲೀಟರ್ ಎಂದಿರುತ್ತದೆ. ಕೆಲವೆಡೆ ಮೈಕ್ರೋಮೋಲ್ ಪ್ರತಿ ಲೀಟರ್ ಎಂದು ಕೊಡುತ್ತಾರೆ. ಅದನ್ನು ಸುಮಾರು 37ರಿಂದ ಗುಣಿಸಿದರೆ ಮೊದಲಿನ ಘಟಕ ಸಿಗುತ್ತದೆ. 4 ಮೈಕ್ರೋಮೋಲ್ ಎಂದಿದ್ದರೆ ಅದು ಸುಮಾರು 147 ಮೈಕ್ರೋಗ್ರಾಂ. ಒಂದು ಲ್ಯಾಬಿನಲ್ಲಿ 147, ಇನ್ನೊಂದರಲ್ಲಿ 4 ಎಂದು ಕಂಡು ಹಾರ್ಮೋನು ಪಾತಾಳಕ್ಕಿಳಿದಿದೆ ಎಂದು ಹೆದರುವವರಿದ್ದಾರೆ. ಎರಡೂ ಒಂದೇ.

ಎರಡನೆಯದಾಗಿ, ವರದಿಯಲ್ಲಿ ಮುದ್ರಿಸಿರುವ ಸಾಮಾನ್ಯ ಮಿತಿ ನಿಮ್ಮ ವಯಸ್ಸು ಮತ್ತು ಲಿಂಗಕ್ಕೆ ಸಂಬಂಧಿಸಿದ್ದೇ ಎಂದು ಪರಿಶೀಲಿಸಿ. ವ್ಯಾಪಕವಾಗಿ ಬಳಕೆಯಲ್ಲಿರುವ ಒಂದು ವಿಧಾನದ ಪ್ರಕಾರ 20ರಿಂದ 24 ವರ್ಷದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮಿತಿ ಸುಮಾರು 148ರಿಂದ 407 ಮೈಕ್ರೋಗ್ರಾಂ. 55ರಿಂದ 64 ವರ್ಷದವರಿಗೆ ಸುಮಾರು 19ರಿಂದ 205. ಗಂಡಸರಲ್ಲಿ ಇದೇ ವಯೋಮಾನಗಳಿಗೆ ಕ್ರಮವಾಗಿ 211ರಿಂದ 492 ಮತ್ತು 52ರಿಂದ 295. ಲ್ಯಾಬಿನಿಂದ ಲ್ಯಾಬಿಗೆ ಈ ಅಂಕಿಗಳು ಸ್ವಲ್ಪ ಬದಲಾಗುತ್ತವೆ. ಈಗ ಜಯನಗರದ 58 ವರ್ಷದ ಗೃಹಿಣಿಯೊಬ್ಬರ ವರದಿಯಲ್ಲಿ 62 ಎಂದು ಬಂದಿದೆ ಎಂದಿಟ್ಟುಕೊಳ್ಳಿ. ವರದಿಯಲ್ಲಿ ಎಲ್ಲ ವಯಸ್ಸಿನ ಹೆಂಗಸರಿಗೂ ಸೇರಿಸಿ ಒಂದೇ ಮಿತಿ ಮುದ್ರಿಸಿದ್ದರೆ ಆ 62ರ ಪಕ್ಕದಲ್ಲಿ ಕೆಂಪು ಗುರುತು ಬೀಳುತ್ತದೆ. ಅವರ ವಯಸ್ಸಿನ ಮಿತಿಯಲ್ಲಿಟ್ಟು ನೋಡಿದರೆ ಅದು ಪೂರ್ತಿ ಸಹಜ. ಕೆಂಪು ಗುರುತು ನೋಡಿ ಮಾತ್ರೆ ಕೊಳ್ಳಲು ಹೊರಟವರಲ್ಲಿ ಎಷ್ಟೋ ಜನರಿಗೆ ಇಷ್ಟನ್ನು ತೋರಿಸಿದರೆ ಸಾಕಾಗುತ್ತದೆ.

ಮೂರನೆಯದಾಗಿ, ನಿಜವಾಗಿ ಹೆಚ್ಚಾಗಿದ್ದರೆ ಏನು? ಪಿಸಿಓಡಿ ಇರುವ ಹೆಣ್ಣುಮಕ್ಕಳಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ಡಿಎಚ್‌ಇಎ-ಎಸ್ ಅಲ್ಪಸ್ವಲ್ಪ ಏರಿರುತ್ತದೆ, ಅದು ಗಾಬರಿಪಡುವ ವಿಷಯವಲ್ಲ. ಅಡ್ರಿನಲ್ ಗ್ರಂಥಿಯ ಕಿಣ್ವದ ಹುಟ್ಟು ಕೊರತೆಯಿಂದಲೂ ಪಿಸಿಓಡಿಯಂಥದೇ ಲಕ್ಷಣಗಳು ಬರುವುದರಿಂದ ವೈದ್ಯರು 17-ಹೈಡ್ರಾಕ್ಸಿ ಪ್ರೊಜೆಸ್ಟೆರಾನ್ ಪರೀಕ್ಷೆಯನ್ನು ಜೊತೆಗೆ ಬರೆಯುತ್ತಾರೆ. ಅದನ್ನು ದುಡ್ಡು ಉಳಿಸಲೆಂದು ಬಿಡಬೇಡಿ. 700 ಮೈಕ್ರೋಗ್ರಾಂ ದಾಟಿದ್ದರೆ ಅಡ್ರಿನಲ್ ಗೆಡ್ಡೆ ಇದೆಯೇ ಎಂದು ಸ್ಕ್ಯಾನ್ ಮಾಡಿ ನೋಡುವುದು ರೂಢಿ. ಡಿಎಚ್‌ಇಎ ಮಾತ್ರೆಯನ್ನೇ ಸೇವಿಸುತ್ತಿರುವವರಲ್ಲಿ ಸಂಖ್ಯೆ ಏರುವುದು ಸಹಜ. ಜಿಮ್ಮಿನ ಡಬ್ಬಿಯನ್ನು ಮುಚ್ಚಿಟ್ಟು ಸ್ಕ್ಯಾನ್ ಕೊಠಡಿಯವರೆಗೂ ಹೋಗುವ ಹುಡುಗರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹಂತ 6: ಮಾತ್ರೆಯ ಬಗ್ಗೆ ತೀರ್ಮಾನಿಸುವ ಮೊದಲು ಸಾಕ್ಷ್ಯವನ್ನು ನೋಡಿ

ಡಿಎಚ್‌ಇಎ-ಎಸ್ ಕಡಿಮೆ ಇರುವ ವೃದ್ಧರಲ್ಲಿ ಹೃದ್ರೋಗ ಮತ್ತು ಸಾವಿನ ಪ್ರಮಾಣ ಹೆಚ್ಚು ಎಂದು 1980ರ ದಶಕದಿಂದ ಕೆಲವು ಸಮೀಕ್ಷೆಗಳು ಹೇಳಿದವು. ಮುಪ್ಪಿಗೆ ಮದ್ದು ಸಿಕ್ಕಿತು ಎಂಬ ಉತ್ಸಾಹ ಅಲ್ಲಿಂದ ಬೆಳೆಯಿತು. ಆದರೆ ಕಾಯಿಲೆಯೇ ಹಾರ್ಮೋನನ್ನು ಇಳಿಸುತ್ತದೆ ಎಂಬುದನ್ನು ಎರಡನೆಯ ಹಂತದಲ್ಲಿ ನೋಡಿದೆವು. ಎರಡು ಸಂಗತಿಗಳು ಜೊತೆಜೊತೆಗೆ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಅದನ್ನು ತಿಳಿಯಲು ಮಾತ್ರೆ ಕೊಟ್ಟೇ ನೋಡಬೇಕು.

ಹಾಗೆ ಕೊಟ್ಟು ನೋಡಿದ್ದೂ ಆಗಿದೆ. ಫ್ರಾನ್ಸಿನಲ್ಲಿ 60ರಿಂದ 79 ವರ್ಷದ 280 ಆರೋಗ್ಯವಂತರಿಗೆ ದಿನಕ್ಕೆ 50 ಮಿಲಿಗ್ರಾಂನಂತೆ ಒಂದು ವರ್ಷ ಕೊಟ್ಟ ಅಧ್ಯಯನದ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. 70 ದಾಟಿದ ಹೆಂಗಸರ ಮೂಳೆ, ಚರ್ಮ ಹಾಗೂ ಲೈಂಗಿಕ ಆಸಕ್ತಿಯಲ್ಲಿ ಸ್ವಲ್ಪ ಸುಧಾರಣೆ ಕಂಡಿತು. ಅಮೆರಿಕದ ಮೇಯೋ ಕ್ಲಿನಿಕ್ ನೇತೃತ್ವದಲ್ಲಿ ವೃದ್ಧರಿಗೆ ಎರಡು ವರ್ಷ ಕಾಲ, ಗಂಡಸರಿಗೆ 75 ಮತ್ತು ಹೆಂಗಸರಿಗೆ 50 ಮಿಲಿಗ್ರಾಂ ಕೊಟ್ಟು ನಡೆಸಿದ ಪ್ರಯೋಗದ ವರದಿ 2006ರಲ್ಲಿ ಬಂತು. ರಕ್ತದಲ್ಲಿ ಹಾರ್ಮೋನು ಯೌವನದ ಮಟ್ಟಕ್ಕೆ ಏರಿತು, ನಿಜ. ಆದರೆ ಸ್ನಾಯುಬಲ, ದೇಹದ ಕೊಬ್ಬು, ಇನ್ಸುಲಿನ್ ಸ್ಪಂದನೆ, ಜೀವನದ ಗುಣಮಟ್ಟ ಇವುಗಳಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಸಂಖ್ಯೆ ಎಳೆಯದಾಯಿತು, ಮನುಷ್ಯ ಎಳೆಯನಾಗಲಿಲ್ಲ. ಆರೋಗ್ಯವಂತ ಹೆಂಗಸರಿಗೆ ಸಾಮಾನ್ಯ ಬಳಕೆಗೆ ಇದನ್ನು ಕೊಡಬಾರದೆಂದು ಅಮೆರಿಕದ ಎಂಡೋಕ್ರೈನ್ ಸೊಸೈಟಿ 2014ರ ಮಾರ್ಗಸೂಚಿಯಲ್ಲಿ ಹೇಳಿದೆ.

ಹಾಗಿದ್ದರೆ ಅಂಗಡಿಗಳಲ್ಲಿ ಇದು ಹೇಗೆ ಸಿಗುತ್ತದೆ ಎಂದು ನೀವು ಕೇಳಬಹುದು. ಅಮೆರಿಕದಲ್ಲಿ 1985ರಲ್ಲಿ ಇದರ ಮುಕ್ತ ಮಾರಾಟವನ್ನು ನಿಷೇಧಿಸಲಾಗಿತ್ತು. 1994ರ ಕಾನೂನು ಇದನ್ನು ಆಹಾರ ಪೂರಕದ ಸಾಲಿಗೆ ಸೇರಿಸಿತು. ಅಲ್ಲಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ಇರುವ ಡಬ್ಬಿಗಳು ಆ ಕಾನೂನಿನ ಫಲ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮಗಳು ಆಹಾರ ಪೂರಕಗಳಲ್ಲಿ ಹಾರ್ಮೋನು, ಸ್ಟೀರಾಯ್ಡ್ ಸೇರಿಸಲು ಒಪ್ಪುವುದಿಲ್ಲ. ‘ಕಾಡುಗೆಣಸಿನಿಂದ ತಯಾರಿಸಿದ ನೈಸರ್ಗಿಕ ಡಿಎಚ್‌ಇಎ’ ಎಂಬ ಜಾಹೀರಾತಿಗೂ ಮರುಳಾಗಬೇಡಿ. ಗೆಣಸಿನಲ್ಲಿರುವ ಡಯೋಸ್ಜೆನಿನ್ ಎಂಬ ವಸ್ತುವನ್ನು ಕಾರ್ಖಾನೆಯಲ್ಲಿ ಡಿಎಚ್‌ಇಎ ಆಗಿ ಮಾರ್ಪಡಿಸಬಹುದು, ನಮ್ಮ ದೇಹಕ್ಕೆ ಅದು ಸಾಧ್ಯವಿಲ್ಲ.

ಈ ಮಾತ್ರೆಯನ್ನು ಮುಟ್ಟಲೇಬಾರದವರು: ಸ್ತನ, ಗರ್ಭಕೋಶ, ಅಂಡಾಶಯ ಅಥವಾ ಪ್ರಾಸ್ಟೇಟ್ ಕ್ಯಾನ್ಸರ್ ಇರುವವರು, ಹಿಂದೆ ಬಂದಿದ್ದವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಟ್ಯಾಮಾಕ್ಸಿಫೆನ್ ಅಥವಾ ಲೆಟ್ರೋಜೋಲ್‌ನಂಥ ಔಷಧಿ ಸೇವಿಸುತ್ತಿರುವವರು. ಬೈಪೋಲಾರ್ ಕಾಯಿಲೆ ಇರುವವರಲ್ಲಿ ಉನ್ಮಾದ ಕೆರಳಿದ ಪ್ರಕರಣಗಳು ದಾಖಲಾಗಿವೆ, ಅವರೂ ದೂರವಿರಬೇಕು. ಕಂಠೀರವ ಕ್ರೀಡಾಂಗಣದಲ್ಲಿ ಓಡುವ ಮಕ್ಕಳ ತಂದೆತಾಯಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು: ಡಿಎಚ್‌ಇಎ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿದೆ, ಸ್ಪರ್ಧೆಯ ದಿನ ಮಾತ್ರವಲ್ಲ, ವರ್ಷವಿಡೀ. ಪಟ್ಟಿಯಲ್ಲಿ ‘ಪ್ರಾಸ್ಟೆರೋನ್’ ಎಂಬ ಹೆಸರಿನಿಂದಲೂ ಇದನ್ನು ಗುರುತಿಸುತ್ತಾರೆ. ಡಬ್ಬಿಯ ಮೇಲೆ ಆ ಹೆಸರಿದ್ದರೆ ವಸ್ತು ಒಂದೇ.

ಹಂತ 7: ವೈದ್ಯರೇ ಬರೆದುಕೊಟ್ಟಿದ್ದರೆ ಹೀಗೆ ಮುಂದುವರಿಯಿರಿ

ವೈದ್ಯರು ಇದನ್ನು ಬರೆಯುವ ಸಂದರ್ಭಗಳು ಮುಖ್ಯವಾಗಿ ಮೂರು. ಮೊದಲನೆಯದು ಅಡ್ರಿನಲ್ ಗ್ರಂಥಿ ನಿಂತುಹೋದ ಹೆಂಗಸರಿಗೆ. ಹೈಡ್ರೋಕಾರ್ಟಿಸೋನ್ ಮೊದಲಾದ ಮುಖ್ಯ ಚಿಕಿತ್ಸೆ ಸರಿಯಾಗಿ ನಡೆಯುತ್ತಿದ್ದರೂ ಮನಸ್ಸು ಕುಗ್ಗಿ, ಶಕ್ತಿ ಮತ್ತು ಲೈಂಗಿಕ ಆಸಕ್ತಿ ಉಡುಗಿದ್ದರೆ, ಬೆಳಿಗ್ಗೆ 25ರಿಂದ 50 ಮಿಲಿಗ್ರಾಂ ಕೊಟ್ಟು ನೋಡುತ್ತಾರೆ. ಆರು ತಿಂಗಳಲ್ಲಿ ಗುಣ ಕಾಣದಿದ್ದರೆ ನಿಲ್ಲಿಸುವುದು ನಿಯಮ. ಎರಡನೆಯದು ಮುಟ್ಟು ನಿಂತ ಮೇಲೆ ಯೋನಿ ಒಣಗಿ ಸಂಭೋಗ ನೋವಾಗುವವರಿಗೆ. 6.5 ಮಿಲಿಗ್ರಾಂನ, ಯೋನಿಯೊಳಗೆ ಇಡುವ ಔಷಧಿಯನ್ನು ಅಮೆರಿಕ 2016ರಲ್ಲಿ ಒಪ್ಪಿದೆ. ನಮ್ಮಲ್ಲಿ ವೈದ್ಯರು ಇದೇ ತೊಂದರೆಗೆ ಹೆಚ್ಚಾಗಿ ಈಸ್ಟ್ರೋಜನ್ ಕ್ರೀಮು ಬರೆಯುತ್ತಾರೆ. ಸಂಕೋಚದಿಂದ ಈ ತೊಂದರೆಯನ್ನು ಹೇಳದೇ ಇರುವ ತಾಯಂದಿರು ಬಹಳ. ದಯವಿಟ್ಟು ಹೇಳಿ, ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ.

ಮೂರನೆಯದು ನಮ್ಮ ನಗರದಲ್ಲಿ ಅತಿ ಹೆಚ್ಚು ಕಾಣುವಂಥದು: ಅಂಡಾಣುಗಳ ಸಂಗ್ರಹ ಕಡಿಮೆಯಿರುವವರಿಗೆ ಐವಿಎಫ್‌ಗೆ ಮುಂಚೆ ದಿನಕ್ಕೆ ಮೂರು ಬಾರಿ 25 ಮಿಲಿಗ್ರಾಂ. ಇದರಿಂದ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆಯೇ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಕೆಲವು ಅಧ್ಯಯನಗಳು ಲಾಭ ತೋರಿಸಿದರೆ ಇನ್ನು ಕೆಲವು ತೋರಿಸಿಲ್ಲ. ಆದ್ದರಿಂದ ನಿಮ್ಮ ವೈದ್ಯರ ಬಳಿ ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ. ನನಗೇ ಏಕೆ ಕೊಡುತ್ತಿದ್ದೀರಿ? ಎಷ್ಟು ವಾರ? ಶುರುವಿನಲ್ಲಿ ಮತ್ತು ಆಮೇಲೆ ಯಾವ ಪರೀಕ್ಷೆ? ಗರ್ಭ ನಿಂತರೆ ಯಾವ ದಿನ ಬಿಡಬೇಕು? ಪಿಸಿಓಡಿ ಇರುವವರಿಗೆ ಈಗಾಗಲೇ ಈ ಜಾತಿಯ ಹಾರ್ಮೋನು ಹೆಚ್ಚಿರಬಹುದಾದ್ದರಿಂದ, ಅಕ್ಕನಿಗೆ ಬರೆದ ಚೀಟಿ ತೋರಿಸಿ ತಂಗಿ ಅದೇ ಮಾತ್ರೆ ಕೊಳ್ಳುವುದು ಸರ್ವಥಾ ಕೂಡದು.

ಯಾವ ಕಾರಣಕ್ಕೆ ಸೇವಿಸಿದರೂ ಮುಖದ ಎಣ್ಣೆ, ಮೊಡವೆ, ಗಲ್ಲದ ಕೂದಲು, ತಲೆಕೂದಲು ಉದುರುವಿಕೆ, ಧ್ವನಿಯ ಬದಲಾವಣೆ ಇವನ್ನು ಗಮನಿಸುತ್ತಿರಿ. ಮಾತ್ರೆ ಬಿಟ್ಟರೆ ಮೊಡವೆ ಹೋಗುತ್ತದೆ. ಧ್ವನಿ ಗಡಸಾದರೆ ಮೊದಲಿನಂತಾಗದೆ ಉಳಿಯಬಹುದು. ಹಾಡುವವರು, ಪಾಠ ಹೇಳುವವರು ಸ್ವಲ್ಪ ಅನುಮಾನ ಬಂದರೂ ಅಂದೇ ವೈದ್ಯರಿಗೆ ತಿಳಿಸಬೇಕು. ಒಳ್ಳೆಯ ಕೊಲೆಸ್ಟರಾಲ್ ಎನಿಸಿಕೊಂಡ ಎಚ್‌ಡಿಎಲ್ ಇಳಿಯಬಹುದಾದ್ದರಿಂದ ಲಿಪಿಡ್ ಪರೀಕ್ಷೆಯನ್ನು ವೈದ್ಯರು ಹೇಳಿದ ಕಾಲಕ್ಕೆ ಮಾಡಿಸಿ.

ಹಂತ 8: ಮಾತ್ರೆ ಬೇಡವಾದರೆ ದಣಿವಿಗೆ ಏನು ಮಾಡಬೇಕು

ಹೆಚ್ಚಿನ ಓದುಗರು ಬಂದು ನಿಲ್ಲುವುದು ಇಲ್ಲಿಯೇ. ಡಿಎಚ್‌ಇಎಯನ್ನು ನೇರವಾಗಿ ಏರಿಸುವ ಆಹಾರವಿಲ್ಲ, ಅದನ್ನು ಹುಡುಕುತ್ತ ಹೋಗಬೇಡಿ. ಮೇಯೋ ಪ್ರಯೋಗದಲ್ಲಿ ಮಾತ್ರೆ ಕೊಡಲಾಗದ ಸ್ನಾಯುಬಲವನ್ನು ಭಾರ ಎತ್ತುವ ವ್ಯಾಯಾಮ ಎಪ್ಪತ್ತರಲ್ಲೂ ಕೊಡಬಲ್ಲದು. ಲಾಲ್‌ಬಾಗಿನಲ್ಲಿ ನಡೆಯುವವರು ನಡಿಗೆಯ ಜೊತೆಗೆ ವಾರಕ್ಕೆ ಎರಡು ದಿನವಾದರೂ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ತಳ್ಳುವುದು, ನೀರಿನ ಬಾಟಲಿ ಹಿಡಿದು ತೋಳು ಎತ್ತುವುದು ಇವನ್ನು ಸೇರಿಸಿಕೊಳ್ಳಬೇಕು. ಬೇಳೆ, ಕಾಳು, ಮೊಸರು, ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಇವು ಪ್ರತಿ ಊಟದಲ್ಲಿಯೂ ಇರಲಿ. ಸಾರನ್ನದ ಮೇಲೆಯೇ ದಿನ ತಳ್ಳುವ ವೃದ್ಧರಿಗೆ ಪ್ರೊಟೀನು ಸಾಲದು.

ನಿದ್ದೆಗೆ ನಿಗದಿತ ವೇಳೆ ಇರಲಿ. ಪಾಳಿ ಬದಲಾಗುವ ಕೆಲಸದವರಿಗೆ ಇದು ಕಷ್ಟವೆಂದು ಗೊತ್ತು. ಅವರು ಬೆಳಿಗ್ಗೆ ಮನೆಗೆ ಮರಳುವಾಗ ಕಣ್ಣಿಗೆ ಕಪ್ಪು ಕನ್ನಡಕ, ಮಲಗುವ ಕೋಣೆಗೆ ದಪ್ಪ ಪರದೆ ಹಾಕಿಕೊಂಡರೆ ಬೆಳಕು ನಿದ್ದೆ ಕೆಡಿಸುವುದು ತಪ್ಪುತ್ತದೆ. ದಣಿವಿನ ಜೊತೆಗೆ ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ಅಳು ಬರುವುದು, ಬದುಕು ಸಾಕೆನಿಸುವುದು ಎರಡು ವಾರಕ್ಕೂ ಮೀರಿ ಇದ್ದರೆ ಅದು ಖಿನ್ನತೆಯಾಗಿರಬಹುದು. ಅದಕ್ಕೆ ಹಾರ್ಮೋನಿನ ಡಬ್ಬಿ ಹುಡುಕುತ್ತ ತಿಂಗಳು ಕಳೆಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಿಯಾದರೂ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು. ನಿಮ್ಹಾನ್ಸ್ ಈ ಸೇವೆಯ ಪ್ರಮುಖ ಕೇಂದ್ರಗಳಲ್ಲೊಂದು.

ಕುಟುಂಬದ ವೈದ್ಯರು ಹಾರ್ಮೋನು ತಜ್ಞರನ್ನು ಕಾಣಿ ಎಂದರೆ, ಚೀಟಿಯಲ್ಲಿ ಎಂಡೋಕ್ರೈನಾಲಜಿ ಎಂದು ಬರೆದಿರುತ್ತಾರೆ. ಸೇಂಟ್ ಜಾನ್ಸ್, ರಾಮಯ್ಯ ಮೊದಲಾದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಈ ವಿಭಾಗಗಳಿವೆ. ಹೋಗುವಾಗ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು, ತಿನ್ನುವ ಮತ್ತು ಹಚ್ಚುವ ಎಲ್ಲದರ ಡಬ್ಬಿಗಳನ್ನೇ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಪರೀಕ್ಷೆಯನ್ನು ಮತ್ತೆ ಮಾಡಿಸಲು ಹೇಳಿದರೆ ಮೊದಲು ಮಾಡಿಸಿದ ಲ್ಯಾಬಿನಲ್ಲಿಯೇ ಮಾಡಿಸಿ, ಆಗ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ಬರುತ್ತದೆ.